ಕ್ಲೌಡೋ ಸ್ವಂತ ಸರ್ವರೋ? ತಿಂಗಳ ಬಿಲ್ ನೋಡಿದರಷ್ಟೇ ಸಾಲದು

2025ರ ಜುಲೈ ತಿಂಗಳು. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕ ನಡೆಸುವ ನಯಾರಾ ಎನರ್ಜಿಯ ನೌಕರರಿಗೆ ಇದ್ದಕ್ಕಿದ್ದಂತೆ ಆಫೀಸಿನ ಇಮೇಲ್ ಸಿಗದಾಯಿತು. ಔಟ್‌ಲುಕ್ ಇಲ್ಲ, ಟೀಮ್ಸ್ ಇಲ್ಲ. ಯಾರೂ ಹ್ಯಾಕ್ ಮಾಡಿರಲಿಲ್ಲ. ಲೈಸೆನ್ಸ್‌ಗೆ ಪೂರ್ತಿ ದುಡ್ಡು ಕಟ್ಟಿದ್ದೇವೆ ಎಂದು ಕಂಪನಿ ಹೇಳಿತು. ಆದದ್ದು ಇಷ್ಟು: ರಷ್ಯಾದ ತೈಲ ಕಂಪನಿ ರೋಸ್‌ನೆಫ್ಟ್‌ಗೆ ಈ ಕಂಪನಿಯಲ್ಲಿ ದೊಡ್ಡ ಪಾಲಿದೆ. ಜುಲೈ 18ರಂದು ಐರೋಪ್ಯ ಒಕ್ಕೂಟ ರಷ್ಯಾ ವಿರುದ್ಧದ ಹೊಸ ನಿರ್ಬಂಧಗಳ ಪಟ್ಟಿಯಲ್ಲಿ ನಯಾರಾ ಹೆಸರು ಸೇರಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ತಿಂಗಳು ಮುಗಿಯುವ ಹೊತ್ತಿಗೆ ಸೇವೆ ವಾಪಸ್ ಬಂತು. ಭಾರತದ ನೆಲದಲ್ಲಿ ಭಾರತದ ಕಾನೂನಿನ ಪ್ರಕಾರ ನಡೆಯುತ್ತಿದ್ದ ಕಂಪನಿಯೊಂದರ ಪತ್ರ ವ್ಯವಹಾರ ಬೇರೆಲ್ಲೋ ಆದ ತೀರ್ಮಾನದಿಂದ ನಿಂತಿತ್ತು.

ಈ ಸುದ್ದಿ ಓದಿದ ಎಷ್ಟೋ ಜನ, ‘ಅದಕ್ಕೇ ಸ್ವಂತ ಸರ್ವರ್ ಇರಬೇಕು’ ಎಂದರು. ಎರಡೇ ತಿಂಗಳಿಗೆ ದಕ್ಷಿಣ ಕೊರಿಯಾದಿಂದ ಇನ್ನೊಂದು ಸುದ್ದಿ ಬಂತು. ಸೆಪ್ಟೆಂಬರ್ 26ರಂದು ಡೇಜಿಯಾನ್ ನಗರದಲ್ಲಿರುವ ಸರ್ಕಾರದ್ದೇ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಂಡಿತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹ ಸುಟ್ಟೇಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್ (ಒಂದು ಟೆರಾಬೈಟ್ ಅಂದರೆ ಸಾವಿರ ಗಿಗಾಬೈಟ್). ಅಷ್ಟು ದೊಡ್ಡದಕ್ಕೆ ಬೇರೆ ಕಡೆ ಬ್ಯಾಕಪ್ ಇಡುವುದು ಕಷ್ಟ ಎಂದು ಇಟ್ಟಿರಲೇ ಇಲ್ಲ. ಕಟ್ಟಡ ತಮ್ಮದು, ಯಂತ್ರ ತಮ್ಮದು, ಸಿಬ್ಬಂದಿ ತಮ್ಮವರು. ಆದರೂ ಡೇಟಾ ಉಳಿಯಲಿಲ್ಲ.

ಕ್ಲೌಡ್, ಅಂದರೆ ಬೇರೆ ಕಂಪನಿಯ ಸರ್ವರ್‌ನಲ್ಲಿ ಬಾಡಿಗೆ ಜಾಗ ಬೇಕಾ, ಸ್ವಂತ ಸರ್ವರ್ ಬೇಕಾ ಎಂಬ ಚರ್ಚೆ ಬಂದಾಗೆಲ್ಲ ಮಾತು ಖರ್ಚು, ಹಿಡಿತ, ಖಾಸಗಿತನ ಎಂಬ ಮೂರರ ಸುತ್ತ ತಿರುಗುತ್ತದೆ. ಮೂರೂ ಒಂದೇ ಕಡೆ ವಾಲುತ್ತವೆ ಎಂದುಕೊಳ್ಳುವುದರಿಂದಲೇ ಗೊಂದಲ ಶುರು. ಖರ್ಚು ತೀರ್ಮಾನವಾಗುವುದು ನಿಮ್ಮ ಬಳಕೆ ಎಷ್ಟು ಸ್ಥಿರ ಎಂಬುದರ ಮೇಲೆ. ಹಿಡಿತ ಇರುವುದು ಎರಡನೇ ಪ್ರತಿ ಯಾರ ಹತ್ತಿರ ಇದೆ ಎಂಬುದರಲ್ಲಿ. ಖಾಸಗಿತನ ಇರುವುದು ಡೇಟಾ ತೆರೆಯುವ ಕೀಲಿ ಯಾರ ಕೈಯಲ್ಲಿದೆ ಎಂಬುದರಲ್ಲಿ. ಈ ಮೂರನ್ನೂ ಬೇರೆ ಬೇರೆಯಾಗಿಯೇ ನೋಡಬೇಕು ಎಂಬುದು ನನ್ನ ವಾದ.

ಮೊದಲು ದುಡ್ಡಿನ ಲೆಕ್ಕ

ಬೇಸ್‌ಕ್ಯಾಂಪ್ ತಂತ್ರಾಂಶದ 37ಸಿಗ್ನಲ್ಸ್ ಕಂಪನಿಯ ಉದಾಹರಣೆ ಎಲ್ಲರ ಬಾಯಲ್ಲೂ ಬರುತ್ತದೆ. 2022ರಲ್ಲಿ ಅವರು ಕ್ಲೌಡ್‌ಗೆ ಕಟ್ಟಿದ್ದು ಸುಮಾರು 32 ಲಕ್ಷ ಡಾಲರ್. ಆ ವರ್ಷ ಅಕ್ಟೋಬರ್‌ನಲ್ಲಿ, ನಾವು ಕ್ಲೌಡ್ ಬಿಡುತ್ತೇವೆ ಎಂದು ಬಹಿರಂಗವಾಗಿ ಹೇಳಿದರು. ಸುಮಾರು 7 ಲಕ್ಷ ಡಾಲರ್ ಕೊಟ್ಟು ಡೆಲ್ ಸರ್ವರ್‌ಗಳನ್ನು ಕೊಂಡರು. ವರ್ಷದ ಬಿಲ್ 13 ಲಕ್ಷ ಡಾಲರ್‌ಗೆ ಇಳಿಯಿತು. ಅದಕ್ಕೂ ಮೊದಲು ಡ್ರಾಪ್‌ಬಾಕ್ಸ್ ಇದೇ ದಾರಿ ಹಿಡಿದಿತ್ತು. ಅಮೆಜಾನ್‌ನ ಕ್ಲೌಡ್‌ನಿಂದ ಹೊರಬಂದು ಸ್ವಂತ ವ್ಯವಸ್ಥೆ ಕಟ್ಟಿದ್ದರಿಂದ ಎರಡು ವರ್ಷದಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಯಿತು ಎಂದು 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ತೋರಿಸಿತು.

ಈ ಎರಡು ಕಥೆಗಳನ್ನು ಹೇಳುವವರು ಒಂದು ಮುಖ್ಯ ವಿಷಯ ಬಿಟ್ಟುಬಿಡುತ್ತಾರೆ. 37ಸಿಗ್ನಲ್ಸ್ ಸರ್ವರ್‌ಗಳು ಅವರ ಆಫೀಸಿನ ಮೂಲೆಯಲ್ಲಿಲ್ಲ. ಯಂತ್ರ ಅವರದ್ದು, ಆದರೆ ಇಟ್ಟಿರುವುದು ಬಾಡಿಗೆ ಡೇಟಾ ಸೆಂಟರ್‌ನಲ್ಲಿ. ಕರೆಂಟು, ತಂಪು, ಭದ್ರತೆ, ಇಂಟರ್‌ನೆಟ್ ಎಲ್ಲ ಆ ಸೆಂಟರ್‌ನವರ ಜವಾಬ್ದಾರಿ. ಹೀಗೆ ಜಾಗ ಬಾಡಿಗೆ ಕೊಡುವ ದೊಡ್ಡ ಸೆಂಟರ್‌ಗಳು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೂ ಇವೆ. ಕ್ಲೌಡ್ ಮತ್ತು ಮನೆಯ ಮೂಲೆಯ ಡಬ್ಬಿ, ಇವೆರಡರ ನಡುವೆ ಇಂಥ ಮಧ್ಯದ ದಾರಿಯೂ ಇದೆ. ಇನ್ನೊಂದು ವಿಷಯ, ಇವೆರಡೂ ಕಂಪನಿಗಳ ಬಳಕೆ ದಿನದಿಂದ ದಿನಕ್ಕೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಯಂತ್ರ ನೋಡಿಕೊಳ್ಳುವ ನುರಿತ ತಂಡ ಮೊದಲೇ ಇತ್ತು. ಹಾಗಿದ್ದಾಗ ಯಂತ್ರ ಕೊಳ್ಳುವುದೇ ಲಾಭ.

ಇದಕ್ಕೆ ತದ್ವಿರುದ್ಧ ಹಾಟ್‌ಸ್ಟಾರ್. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ಅದರಲ್ಲಿ ಪಂದ್ಯ ನೋಡಿದರು. ಮಾರನೇ ದಿನ ಅದರ ಒಂದು ಚೂರು ಜನವೂ ಇರುವುದಿಲ್ಲ. ಆ ಒಂದು ರಾತ್ರಿಗಾಗಿ ಯಂತ್ರ ಕೊಂಡರೆ ವರ್ಷವಿಡೀ ಅವು ಸುಮ್ನೆ ಕೂತಿರಬೇಕಾಗುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಹಾಗೇ ಅಲ್ವಾ? ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರ ಅಪ್ಪ ಅಮ್ಮ, ಅಕ್ಕಪಕ್ಕದವರು ಎಲ್ಲರೂ ಅರ್ಧ ಗಂಟೆಯೊಳಗೆ ಅದೇ ಪುಟ ತೆರೆಯುತ್ತಾರೆ. ಆಮೇಲೆ ಒಂದು ವರ್ಷ ಆ ಕಡೆ ತಲೆ ಹಾಕುವವರಿಲ್ಲ. ಇಂಥ ಕಡೆ ಬೇಕಾದಾಗ ತೆಗೆದುಕೊಂಡು ಬೇಡದಾಗ ಬಿಡುವ ಕ್ಲೌಡ್ ಹೇಳಿ ಮಾಡಿಸಿದ್ದು.

ಈಗ ನಮ್ಮ ಅಳತೆಗೆ ಬರೋಣ. ಮದುವೆ ಫೋಟೊ, ವಿಡಿಯೊ ತೆಗೆಯುವ ಒಂದು ಸ್ಟುಡಿಯೊ ಇದೆ ಎಂದುಕೊಳ್ಳಿ. ಕೆಲ ವರ್ಷಗಳಲ್ಲಿ 10 ಟೆರಾಬೈಟ್ ತುಂಬಿದೆ. ಅಮೆಜಾನ್‌ನ ಮುಂಬೈ ಕೇಂದ್ರದಲ್ಲಿ ಸಾಮಾನ್ಯ ದರ್ಜೆಯ ಸಂಗ್ರಹಕ್ಕೆ ತಿಂಗಳಿಗೆ ಒಂದು ಗಿಗಾಬೈಟ್‌ಗೆ ಎರಡೂವರೆ ಸೆಂಟ್. ಅಂದರೆ ತಿಂಗಳಿಗೆ 250 ಡಾಲರ್. ಡಾಲರ್‌ಗೆ 88 ರೂಪಾಯಿ ಹಿಡಿದರೆ 22 ಸಾವಿರ ರೂಪಾಯಿ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಐದಾರು ತಿಂಗಳು ಈ ಬಾಡಿಗೆ ಕಟ್ಟುವ ದುಡ್ಡಿನಲ್ಲಿ ಎರಡು ದೊಡ್ಡ ಹಾರ್ಡ್ ಡಿಸ್ಕ್ ಹಾಕಿದ ನ್ಯಾಸ್ ಪೆಟ್ಟಿಗೆಯೊಂದನ್ನು, ಅಂದರೆ ಮನೆ ಅಥವಾ ಆಫೀಸಿನ ನೆಟ್‌ವರ್ಕ್‌ಗೆ ಜೋಡಿಸುವ ಸಂಗ್ರಹ ಯಂತ್ರವನ್ನು ಕೊಳ್ಳಬಹುದು.

ಆದರೆ ಬಿಲ್‌ನ ನಿಜವಾದ ಪೆಟ್ಟು ಬೀಳುವುದು ಹೊರಡುವಾಗ. ಅದೇ ಮುಂಬೈ ಕೇಂದ್ರದಿಂದ ಡೇಟಾ ಇಂಟರ್‌ನೆಟ್‌ಗೆ ಹೊರತೆಗೆಯಲು ಗಿಗಾಬೈಟ್‌ಗೆ ಸುಮಾರು 11 ಸೆಂಟ್. ತಿಂಗಳಿಗೆ ಮೊದಲ 100 ಗಿಗಾಬೈಟ್ ಬಿಟ್ಟಿ. ಉಳಿದದ್ದಕ್ಕೆ ಲೆಕ್ಕ ಹಾಕಿದರೆ ಆ 10 ಟೆರಾಬೈಟ್ ಒಂದು ಸಲ ಇಳಿಸಿಕೊಳ್ಳಲು 95 ಸಾವಿರ ರೂಪಾಯಿಯ ಆಸುಪಾಸು ಬರುತ್ತದೆ. ಇಡುವ ದರಕ್ಕಿಂತ ತೆಗೆಯುವ ದರ ನಾಲ್ಕು ಪಟ್ಟು ಜಾಸ್ತಿ. ಒಳಗೆ ಹಾಕುವುದು ಮಾತ್ರ ಬಿಟ್ಟಿ. ಅಪರೂಪಕ್ಕೆ ತೆರೆಯುವ ಫೈಲ್‌ಗಳಿಗೆ ತುಂಬ ಅಗ್ಗದ ದರ್ಜೆಗಳಿವೆ, ನಿಜ. ಆದರೆ ಅವುಗಳಿಂದ ಹೊರತೆಗೆಯುವಾಗಲೂ ಈ ಶುಲ್ಕ ತಪ್ಪುವುದಿಲ್ಲ. ಯುರೋಪಿನಲ್ಲಿ ಡೇಟಾ ಕಾಯ್ದೆ ಬರುತ್ತಿದ್ದಂತೆ 2024ರ ಆರಂಭದಲ್ಲಿ ಗೂಗಲ್, ಆಮೇಲೆ ಅಮೆಜಾನ್, ಪೂರ್ತಿಯಾಗಿ ಬಿಟ್ಟು ಹೋಗುವವರಿಗೆ ಈ ಶುಲ್ಕ ಮನ್ನಾ ಮಾಡುವುದಾಗಿ ಹೇಳಿದವು. ಅದಕ್ಕೆ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ದಿನನಿತ್ಯ ಇಳಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ.

ಸ್ಟುಡಿಯೊ ಬಿಟ್ಟು ಒಂದು ಮನೆಯ ಲೆಕ್ಕ ನೋಡಿದರೆ ಉತ್ತರ ತಿರುಗಿಬಿಡುತ್ತದೆ. ಮಕ್ಕಳ ಫೋಟೊ, ಆಧಾರ್, ಸೈಟಿನ ಕಾಗದ ಎಲ್ಲ ಸೇರಿ 100 ಗಿಗಾಬೈಟ್ ಒಳಗಿದ್ದರೆ ಗೂಗಲ್‌ನಲ್ಲಿ ವರ್ಷಕ್ಕೆ 1,300 ರೂಪಾಯಿಯಲ್ಲಿ ಮುಗಿಯುವ ಪ್ಲಾನ್ ಇದೆ. ಎರಡು ಡಿಸ್ಕ್ ಇರುವ ಸಣ್ಣ ಪೆಟ್ಟಿಗೆ ಸರಾಸರಿ 30 ವಾಟ್ ತಿನ್ನುತ್ತದೆ ಎಂದುಕೊಂಡರೂ, ಹಗಲು ರಾತ್ರಿ ಉರಿದರೆ ವರ್ಷಕ್ಕೆ 263 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಕರೆಂಟಿಗೇ ಸುಮಾರು 1,600 ರೂಪಾಯಿ. ಪೆಟ್ಟಿಗೆಯ ಬೆಲೆ ಬೇರೆ. ಗೃಹಜ್ಯೋತಿಯಲ್ಲಿರುವ ಮನೆಯಾದರೆ ಇನ್ನೊಂದು ಲೆಕ್ಕ ಇದೆ. ತಿಂಗಳಿಗೆ 22 ಯೂನಿಟ್ ಹೆಚ್ಚಾಗುತ್ತದೆ. ಈಗಾಗಲೇ 185 ಯೂನಿಟ್ ಬರುತ್ತಿದ್ದರೆ 200 ದಾಟುತ್ತದೆ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಹಾಗಾಗಿ ಫೋಟೊ ಇಡಲು ಮಾತ್ರ, ಅದೂ ದುಡ್ಡು ಉಳಿಸಲು ಅಂತ ಮನೆಯಲ್ಲಿ ಸರ್ವರ್ ಹಾಕುವವರಿಗೆ ನಾನು ಬೇಡ ಎನ್ನುತ್ತೇನೆ. ಬೇರೆ ಕಾರಣಗಳಿದ್ದರೆ ಹಾಕಿ.

ಬಾಗಿಲು ಮುಚ್ಚಿದ ದಿನ

ಆ ಬೇರೆ ಕಾರಣಗಳಲ್ಲಿ ದೊಡ್ಡದು ಹಿಡಿತ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ತಂದೆ ತನ್ನ ಪುಟ್ಟ ಮಗನಿಗೆ ಆದ ಸೋಂಕಿನ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿದ. ಫೋಟೊ ತಾನಾಗಿಯೇ ಗೂಗಲ್‌ನಲ್ಲಿ ಸೇರಿತ್ತು. ಗೂಗಲ್‌ನ ತಪಾಸಣೆ ಅದನ್ನು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಎಂದು ಗುರುತು ಮಾಡಿತು. ಖಾತೆ ಬಂದ್ ಆಯಿತು. ಪೊಲೀಸರು ವಿಚಾರಿಸಿ ಏನೂ ತಪ್ಪಿಲ್ಲ ಎಂದರು. ಆದರೂ ಖಾತೆ ವಾಪಸ್ ಸಿಗಲಿಲ್ಲ. ವರ್ಷಗಳ ಇಮೇಲ್, ಫೋಟೊ, ಫೋನ್ ನಂಬರ್ ಎಲ್ಲ ಹೋಯಿತು. ಮಕ್ಕಳ ರಕ್ಷಣೆಗೆ ಇಂಥ ತಪಾಸಣೆ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ತಪ್ಪಾದಾಗ ಕೇಳುವ ಮನುಷ್ಯರಿಲ್ಲ ಎಂಬುದೇ ಸಂಕಟ. ನಯಾರಾ ಕೋರ್ಟಿಗೆ ಹೋಗಬಲ್ಲದು. ನಾನು, ನೀವು?

ಆಸ್ಟ್ರೇಲಿಯಾದ ಯೂನಿಸೂಪರ್ ಕಥೆ ಇನ್ನೂ ಕಲಿಸುವಂಥದ್ದು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಪಿಂಚಣಿ ನಿಧಿ ಅದು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್‌ನಲ್ಲಿ ಅದಕ್ಕೆಂದೇ ಮೀಸಲಾಗಿದ್ದ ಒಂದು ಖಾಸಗಿ ಕ್ಲೌಡ್ ಅಳಿಸಿಹೋಯಿತು. ಹೊಂದಿಸುವಾಗ ಗೂಗಲ್ ಕಡೆಯವರು ಒಂದು ಆಯ್ಕೆಯನ್ನು ಖಾಲಿ ಬಿಟ್ಟಿದ್ದರು, ಅಷ್ಟೇ. ಸುರಕ್ಷಿತವಾಗಿರಲಿ ಅಂತ ಯೂನಿಸೂಪರ್ ಎರಡು ಕಡೆ ಪ್ರತಿ ಇಟ್ಟಿತ್ತು. ಆ ಖಾಸಗಿ ಕ್ಲೌಡ್ ಅಳಿದಾಗ ಎರಡೂ ಒಟ್ಟಿಗೆ ಹೋದವು. ಆದರೆ ಅದರಿಂದ ಬೇರೆಯಾಗಿ, ಇನ್ನೊಂದು ಕಂಪನಿಯ ಹತ್ತಿರವೂ ಬ್ಯಾಕಪ್ ಇಟ್ಟಿದ್ದರು. ವಾರಕ್ಕೂ ಹೆಚ್ಚು ಒದ್ದಾಡಿ ಎಲ್ಲವನ್ನೂ ಎತ್ತಿ ನಿಲ್ಲಿಸಿದರು.

ಕೊರಿಯಾ ಮತ್ತು ಯೂನಿಸೂಪರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಸ್ವಂತದ್ದು, ಒಂದು ಕ್ಲೌಡ್. ಒಂದು ಮುಳುಗಿತು, ಒಂದು ಎದ್ದಿತು. ವ್ಯತ್ಯಾಸ ಮಾಡಿದ್ದು ಬೇರೆಯಾಗಿ ಇಟ್ಟಿದ್ದ ಬ್ಯಾಕಪ್. ಒಂದೇ ಪಾಸ್‌ವರ್ಡ್‌ನಿಂದ ಅಳಿಸಬಹುದಾದ ಎರಡು ಪ್ರತಿಗಳು ಲೆಕ್ಕಕ್ಕೆ ಒಂದೇ. ಒಂದೇ ಕಟ್ಟಡದಲ್ಲಿರುವ ಎರಡು ಡಿಸ್ಕ್‌ಗಳೂ ಅಷ್ಟೇ. ನ್ಯಾಸ್ ಪೆಟ್ಟಿಗೆಯಲ್ಲಿ ಜೋಡಿ ಡಿಸ್ಕ್ ಇದೆ, ಒಂದು ಕೆಟ್ಟರೆ ಇನ್ನೊಂದಿದೆ ಎಂದು ನಿಶ್ಚಿಂತೆಯಿಂದ ಇರುವವರನ್ನು ತುಂಬ ನೋಡಿದ್ದೇನೆ. ಜೋಡಿ ಡಿಸ್ಕ್ ಕಾಯುವುದು ಡಿಸ್ಕ್ ಕೆಟ್ಟಾಗ ಮಾತ್ರ. ತಪ್ಪಿ ಡಿಲೀಟ್ ಮಾಡಿದರೆ ಎರಡರಲ್ಲೂ ಡಿಲೀಟ್ ಆಗುತ್ತದೆ. ಕಳ್ಳ ಹೊತ್ತೊಯ್ದರೆ ಎರಡನ್ನೂ ಒಯ್ಯುತ್ತಾನೆ.

ಯಂತ್ರ ನಿಮ್ಮದಾದರೆ ಹಿಡಿತ ಪೂರ್ತಿ ನಿಮ್ಮದು ಎನ್ನುವಂತೆಯೂ ಇಲ್ಲ. ಒಂದೇ ಯಂತ್ರವನ್ನು ಹಲವು ಸರ್ವರ್‌ಗಳಂತೆ ಬಳಸಲು ನೆರವಾಗುವ ವಿಎಂವೇರ್ ತಂತ್ರಾಂಶವನ್ನು ಸ್ವಂತ ಸರ್ವರ್‌ಗಳಲ್ಲಿ ಹಾಕಿಕೊಂಡಿದ್ದ ಸಾವಿರಾರು ಸಂಸ್ಥೆಗಳಿಗೆ ಇದರ ಬಿಸಿ ತಟ್ಟಿತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು. ಒಮ್ಮೆ ಕೊಂಡರೆ ಶಾಶ್ವತ ಎನ್ನುವ ಲೈಸೆನ್ಸ್‌ಗಳ ಮಾರಾಟವನ್ನೇ ನಿಲ್ಲಿಸಿ, ಚಂದಾ ಕಟ್ಟಿ ಎಂದಿತು. ಅದಕ್ಕೇ ಸ್ವಂತ ಸರ್ವರ್ ಎನ್ನುವವರು ಅದರೊಳಗೆ ಓಡುವ ತಂತ್ರಾಂಶ ಮುಕ್ತವಾದದ್ದೇ, ಅಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದಾದದ್ದೇ ಎಂದೂ ನೋಡಬೇಕು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. 2025ರಲ್ಲಿ ತನ್ನ ಆಡಳಿತದ 40 ಸಾವಿರಕ್ಕೂ ಹೆಚ್ಚು ಇಮೇಲ್ ಪೆಟ್ಟಿಗೆಗಳನ್ನು ಮೈಕ್ರೋಸಾಫ್ಟ್‌ನಿಂದ ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿತು.

ಕೀಲಿ ಯಾರ ಹತ್ತಿರ?

ಖಾಸಗಿತನದ ಮಾತು ಬಂದಾಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ, ‘ಡೇಟಾ ಭಾರತದಲ್ಲೇ ಇದೆಯಾ?’ ಅಮೆಜಾನ್ 2016ರಲ್ಲಿ ಮುಂಬೈನಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ತೆರೆದಿದೆ. ಉಳಿದವರೂ ತೆರೆದಿದ್ದಾರೆ. ಆದರೆ 2018ರ ಅಮೆರಿಕದ ಕ್ಲೌಡ್ ಕಾಯ್ದೆಯ ಪ್ರಕಾರ, ಡೇಟಾ ಯಾವ ದೇಶದಲ್ಲೇ ಇರಲಿ, ಅದು ಅಮೆರಿಕದ ಕಂಪನಿಯ ಹಿಡಿತದಲ್ಲಿದ್ದರೆ ಅಲ್ಲಿನ ಸರ್ಕಾರ ಕಾನೂನು ಪ್ರಕಾರ ಕೇಳಬಹುದು. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್ ಮುಂದೆ ಮೈಕ್ರೋಸಾಫ್ಟ್‌ನ ಫ್ರಾನ್ಸ್ ವಿಭಾಗದ ಕಾನೂನು ಅಧಿಕಾರಿ ಪ್ರಮಾಣ ಮಾಡಿ ಉತ್ತರ ಕೊಟ್ಟರು. ಫ್ರಾನ್ಸಿನ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಫ್ರೆಂಚ್ ನಾಗರಿಕರ ಡೇಟಾ ಅಮೆರಿಕ ಸರ್ಕಾರದ ಕೈಗೆ ಹೋಗುವುದಿಲ್ಲ ಎಂದು ಖಾತ್ರಿ ಕೊಡಬಲ್ಲಿರಾ ಎಂದಾಗ, ಇಲ್ಲ ಎಂದರು. ಇಂಥದ್ದು ಹಿಂದೆ ನಡೆದಿಲ್ಲ ಎಂದೂ ಸೇರಿಸಿದರು. ದೇಶೀ ಕಂಪನಿಗೆ ಹೋದರೆ ಈ ಒಂದು ಚಿಂತೆ ಕಡಿಮೆಯಾಗುತ್ತದೆ. ಆದರೆ ನಮ್ಮ ಐಟಿ ಕಾಯ್ದೆಯ 69ನೇ ಸೆಕ್ಷನ್ ಇಲ್ಲಿನ ಸರ್ಕಾರಕ್ಕೂ ಅಂಥದ್ದೇ ಅಧಿಕಾರ ಕೊಡುತ್ತದೆ.

ಆದ್ದರಿಂದ ಜಾಗಕ್ಕಿಂತ ಕೀಲಿ ಮುಖ್ಯ. ಫೈಲ್ ನಿಮ್ಮ ಕಂಪ್ಯೂಟರ್ ಬಿಡುವ ಮುನ್ನವೇ ನಿಮ್ಮದೇ ಪಾಸ್‌ವರ್ಡ್‌ನಿಂದ ಗೂಢಲಿಪಿಯಾಗಿ ಬದಲಾದರೆ, ಅದು ಯಾವ ದೇಶದ ಯಾವ ಸರ್ವರ್‌ನಲ್ಲಿದ್ದರೂ ಅಲ್ಲಿನವರಿಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳು. ಕ್ರಿಪ್ಟೊಮೇಟರ್ ಎಂಬ ಉಚಿತ ತಂತ್ರಾಂಶ ಗೂಗಲ್ ಡ್ರೈವ್ ಮೇಲೂ ಈ ಕೆಲಸ ಮಾಡಿಕೊಡುತ್ತದೆ. ಆಪಲ್ 2022ರ ಕೊನೆಯಲ್ಲಿ ಐಕ್ಲೌಡ್‌ಗೆ ಇಂಥ ಆಯ್ಕೆ ತಂದಿತು. 2025ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರದ ಒತ್ತಡಕ್ಕೆ ಸಿಕ್ಕಿ ಆ ದೇಶದಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಕಂಪನಿ ಕೊಟ್ಟ ಬೀಗವನ್ನು ಕಂಪನಿ ವಾಪಸ್ ತೆಗೆದುಕೊಳ್ಳಬಹುದು. ನೀವೇ ಹಾಕಿದ ಬೀಗ ಹಾಗಲ್ಲ. ಬದಲಿಗೆ ಕೀಲಿ ಕಳೆದುಕೊಂಡರೆ ತೆಗೆದುಕೊಡುವವರು ಯಾರೂ ಇಲ್ಲ. ಆ ಪಾಸ್‌ವರ್ಡ್ ಬರೆದ ಚೀಟಿ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು.

ಸ್ವಂತ ಸರ್ವರ್ ಅಂದ ಮಾತ್ರಕ್ಕೆ ಖಾಸಗಿ ಎಂಬ ನಂಬಿಕೆ ನನಗೆ ಜಾಸ್ತಿ ಅಪಾಯಕಾರಿ ಅನ್ನಿಸುತ್ತದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್, ಅಂದರೆ ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ಕಳ್ಳ ತಂತ್ರಾಂಶ ತಗುಲಿತು. ಎರಡು ವಾರದಷ್ಟು ಕಾಲ ಹೊರರೋಗಿಗಳ ಚೀಟಿಯಿಂದ ಹಿಡಿದು ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಅದೇ ವರ್ಷ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಇಂಟರ್‌ನೆಟ್‌ಗೆ ನೇರ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ಬೀಗ ಹಾಕಿತು. ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಕಂಪನಿಗೇ ಕಳ್ಳರು ನುಗ್ಗಿದ್ದು ಹೇಗೆ ಗೊತ್ತಾ? ಅದರ ಒಬ್ಬ ಎಂಜಿನಿಯರ್ ತನ್ನ ಮನೆಯ ಕಂಪ್ಯೂಟರಿನಲ್ಲಿ ಪ್ಲೆಕ್ಸ್ ಎಂಬ ಸಿನಿಮಾ ಸರ್ವರ್ ಹಾಕಿಕೊಂಡಿದ್ದ. ಅದನ್ನು ಅಪ್‌ಡೇಟ್ ಮಾಡಿರಲಿಲ್ಲ. ಅದರ ದೋಷ ಸರಿಪಡಿಸಿದ ಅಪ್‌ಡೇಟ್ ಬಂದು ಎರಡು ವರ್ಷ ದಾಟಿತ್ತು.

ಹಾಕುವುದಾದರೆ

ಇಷ್ಟು ತಿಳಿದೂ ಮನೆಯಲ್ಲೋ ಆಫೀಸಿನಲ್ಲೋ ಹಾಕುತ್ತೇನೆ ಎನ್ನುವವರಿಗೆ ಈಗ ಒಳ್ಳೆಯ ಕಾಲವೇ. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಫೋಟೊಗಳಿಗೆ ಇಮಿಚ್, ಎರಡೂ ಮುಕ್ತ, ಎರಡೂ ಬಿಟ್ಟಿ. ಇಮಿಚ್ ಮುಖ ಗುರುತಿಸಿ ಫೋಟೊ ಗುಂಪು ಮಾಡುವುದನ್ನೂ ನಿಮ್ಮ ಯಂತ್ರದಲ್ಲೇ ಮಾಡುತ್ತದೆ.

ತೊಡಕು ಬರುವುದು ಮನೆಯ ಇಂಟರ್‌ನೆಟ್‌ನಲ್ಲಿ. ನಮ್ಮಲ್ಲಿ ಎಷ್ಟೋ ಕಂಪನಿಗಳು ಒಂದೇ ಐಪಿ ವಿಳಾಸವನ್ನು (ಇಂಟರ್‌ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ನೂರಾರು ಮನೆಗಳಿಗೆ ಹಂಚುತ್ತವೆ. ಸಿಜಿನ್ಯಾಟ್ ಎಂದು ಅದಕ್ಕೆ ಹೆಸರು. ಹೊರಗಿನಿಂದ ನಿಮ್ಮ ಮನೆಯ ಯಂತ್ರವನ್ನು ನೇರವಾಗಿ ತಲುಪಲು ಆಗುವುದಿಲ್ಲ. ಇದರಿಂದ ಒಳ್ಳೆಯದೇ ಆಯಿತು ಎನ್ನಬೇಕು. ಹೊರಗಿನವರು ಒಳಬರುವ ಬಾಗಿಲಾದ ಪೋರ್ಟ್ ತೆರೆದಿಡುವ ಚಪಲ ತಪ್ಪುತ್ತದೆ. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ ಹಾಕಿಕೊಂಡರೆ ನಿಮ್ಮ ಫೋನ್ ಮಾತ್ರ ಒಳಗೆ ಬರುತ್ತದೆ, ಬೇರೆಯವರಿಗೆ ಅಲ್ಲೊಂದು ಸರ್ವರ್ ಇದೆ ಎಂದೂ ಕಾಣುವುದಿಲ್ಲ.

ಇನ್ನು ಕರೆಂಟು. ಮಲೆನಾಡಿನ ಮನೆಗಳಲ್ಲಿ ಗುಡುಗು ಶುರುವಾದರೆ ಮೊದಲು ಪ್ಲಗ್ ಕೀಳುತ್ತಾರೆ. ಟಿವಿ, ರೂಟರ್, ಎಲ್ಲ. ಅದು ಅನುಭವದಿಂದ ಬಂದ ಬುದ್ಧಿ, ಸರಿಯಾದದ್ದೂ ಹೌದು. ಆದರೆ ಚಾಲೂ ಇರುವ ಸರ್ವರ್‌ನ ಪ್ಲಗ್ ಎಳೆದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ, ಡೇಟಾಬೇಸ್ ಕೆಡಬಹುದು. ಯುಪಿಎಸ್ ಇದ್ದರೆ ಸಾಲದು, ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಸೇರಿರಬೇಕು. ಗೋಡೆಯ ಪ್ಲಗ್ ಕಿತ್ತರೆ ಬ್ಯಾಟರಿ ತೀರುವ ಮುನ್ನ ಯಂತ್ರ ತಾನೇ ಗೊತ್ತು ಮಾಡಿಕೊಂಡು ಮಲಗಬೇಕು. ಬೆಂಗಳೂರಿನಲ್ಲೋ ಡಲ್ಲಾಸ್‌ನಲ್ಲೋ ಇರುವ ಮಗ ಶಿವಮೊಗ್ಗದ ಅಪ್ಪ ಅಮ್ಮನ ಮನೆಯಲ್ಲಿ ಪೆಟ್ಟಿಗೆ ಇಟ್ಟು ಹೋಗುತ್ತಾನೆ. ಆಮೇಲೆ ‘ಅಪ್ಪಾ, ಆ ನೀಲಿ ದೀಪ ಉರೀತಿದೆಯಾ ನೋಡಿ’ ಎಂದು ವಿಡಿಯೊ ಕಾಲ್‌ನಲ್ಲಿ ಕೇಳುವಂತಾಗಬಾರದು. ಆ ಪೆಟ್ಟಿಗೆಯಲ್ಲಿ ಎರಡನೇ ಪ್ರತಿ ಇಡಿ, ಒಂದು ವಾರ ಬಂದ್ ಆದರೂ ಯಾರಿಗೂ ತೊಂದರೆ ಇಲ್ಲ. ಅಪ್ಪ ಅಮ್ಮ ದಿನಾ ಬಳಸುವುದನ್ನು ಅದರಲ್ಲಿ ಇಡಬೇಡಿ.

ಇಮೇಲ್ ಸರ್ವರ್ ಮಾತ್ರ ನೀವೇ ನಡೆಸಲು ಹೋಗಬೇಡಿ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಬರುವ ಪತ್ರಗಳ ಮೇಲೆ ನಿಯಮ ಬಿಗಿ ಮಾಡಿದೆ. ಹೊಸ ಐಪಿಯಿಂದ ಹೊರಟ ಪತ್ರ ಸ್ಪ್ಯಾಮ್‌ಗೆ ಹೋಗುವುದೇ ಹೆಚ್ಚು, ಹೋದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಹೆಸರಿನಲ್ಲೇ ಡೊಮೇನ್ ಕೊಂಡು ಯಾವುದಾದರೂ ಕಂಪನಿಯ ಇಮೇಲ್ ಸೇವೆಗೆ ಜೋಡಿಸಿ. ಕಂಪನಿ ಬದಲಾಯಿಸಿದರೂ ವಿಳಾಸ ನಿಮ್ಮದೇ ಆಗಿರುತ್ತದೆ.

ತುರ್ತಾಗಿ ಯೋಚಿಸಬೇಕಾದವರು ಊರೂರಿನ ಕ್ಲಿನಿಕ್, ಲ್ಯಾಬ್, ಆಡಿಟರ್ ಆಫೀಸ್, ಸಹಕಾರ ಸಂಘಗಳವರು. ಬೇರೆಯವರ ರಕ್ತ ಪರೀಕ್ಷೆಯ ವರದಿ, ಪ್ಯಾನ್, ಸಾಲದ ಲೆಕ್ಕ ಇವರ ಹತ್ತಿರ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇದೆ, ಅಂದರೆ 2027ರ ಮೇ ತನಕ. ಸರಿಯಾದ ಭದ್ರತೆ ಇಡದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೂ ಇದೆ. ಡೇಟಾ ಕ್ಲೌಡ್‌ನಲ್ಲಿತ್ತು, ತಪ್ಪು ಅವರದು ಎಂದರೆ ನಡೆಯುವುದಿಲ್ಲ. ಡೇಟಾ ಸಂಗ್ರಹಿಸಿದವರೇ ಹೊಣೆ. ಇಂಥ ಕಡೆ ತಂತ್ರಾಂಶ ಕೊಟ್ಟವರನ್ನು ಇವತ್ತೇ ಫೋನ್ ಮಾಡಿ ಕೇಳಿ: ನಮ್ಮ ಡೇಟಾ ಪೂರ್ತಿ ಎಕ್ಸೆಲ್ ಅಥವಾ ಪಿಡಿಎಫ್‌ನಲ್ಲಿ ಕೊಡುತ್ತೀರಾ, ಎಷ್ಟು ದಿನದಲ್ಲಿ ಕೊಡುತ್ತೀರಾ, ಅದಕ್ಕೆಷ್ಟು ದುಡ್ಡು, ನಿಮ್ಮಲ್ಲಿ ಯಾರ್ಯಾರು ಅದನ್ನು ತೆರೆದು ನೋಡಬಹುದು? ಉತ್ತರವನ್ನು ಇಮೇಲ್‌ನಲ್ಲಿ ಬರೆದು ಕಳಿಸಲು ಹೇಳಿ. ಕಳಿಸಲು ಒಪ್ಪದವರ ಹತ್ತಿರ ಮುಂದಿನ ವರ್ಷದ ಚಂದಾ ನವೀಕರಿಸಬೇಡಿ.